ಚೌಕಿಯ ಮಾತು, ರಂಗಸ್ಥಳದ ಮಾತು: ಯಕ್ಷಗಾನ ಕಲಾವಿದನ ಎರಡು ನುಡಿಗಳು

ಕಲಾವಿದನೊಬ್ಬ ಸಭೆಯೆದುರು ಆಡುವ ಮಾತಿಗೂ ಮನೆಯ ಜಗಲಿಯಲ್ಲಿ ಕುಳಿತು ಆಡುವ ಮಾತಿಗೂ ನಡುವೆ ಕಾಣುವ ಅಂತರವನ್ನು ಲೋಕ ಬಹುಮಟ್ಟಿಗೆ ಸಂಶಯದಿಂದಲೇ ನೋಡುತ್ತ ಬಂದಿದೆ. ಮನೆಯಲ್ಲಿ ಆಡಿದ್ದು ಸಹಜ, ಸಭೆಯಲ್ಲಿ ಆಡಿದ್ದು ಬಣ್ಣ ಬಳಿದ ಮಾತು ಎಂಬ ಎಣಿಕೆ ಎಷ್ಟು ಬೇರುಬಿಟ್ಟಿದೆಯೆಂದರೆ, ‘ನಾಟಕ ಆಡಬೇಡ’ ಎಂಬ ಮಾತು ಕನ್ನಡದ ದಿನಬಳಕೆಯಲ್ಲಿ ‘ಸುಳ್ಳು ಹೇಳಬೇಡ’ ಎಂಬುದರ ಇನ್ನೊಂದು ರೂಪವಾಗಿಯೇ ನಿಂತುಬಿಟ್ಟಿದೆ. ಈ ಎಣಿಕೆಯನ್ನು ಕರಾವಳಿ, ಮಲೆನಾಡು ಮತ್ತು ಕಾಸರಗೋಡಿನ ಯಕ್ಷಗಾನದ ಮುಂದಿಟ್ಟು ಪರೀಕ್ಷಿಸುವುದು ಈ ಉಪನ್ಯಾಸದ ಉದ್ದೇಶ. ಯಕ್ಷಗಾನವನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಬರೆದ ನಾಟಕದಲ್ಲಿ ನಟನ ಬಾಯಿಂದ ಬರುವ ಮಾತು ನಾಟಕಕಾರನದು. ಅದು ನಟನ ಮನೆಮಾತಿಗಿಂತ ಬೇರೆಯಾಗಿದ್ದರೆ ಹೊಣೆಯನ್ನು ಬರೆದವನ ಮೇಲೆ ಹೊರಿಸಿ ಸುಮ್ಮನಿರಬಹುದು. ಯಕ್ಷಗಾನದಲ್ಲಿ ಆ ಅನುಕೂಲವಿಲ್ಲ. ಇಲ್ಲಿ ಮಾತು ಕಲಾವಿದನದೇ, ಬಹುಪಾಲು ಆ ಹೊತ್ತಿನಲ್ಲಿ ಹುಟ್ಟಿದ್ದೇ. ಹಾಗಿದ್ದೂ ಅದು ಅವನ ಮನೆಯ ಮಾತಿನಂತಿರುವುದಿಲ್ಲ. ಏಕೆ ಎಂಬ ಪ್ರಶ್ನೆ ಇಲ್ಲಿ ತಪ್ಪಿಸಿಕೊಳ್ಳಲಾಗದಂತೆ ಎದುರು ನಿಲ್ಲುತ್ತದೆ.

ಮುಂದಿನ ವಿವೇಚನೆಗೆ ಬೇಕಾದ ಕೆಲವು ಪದಗಳನ್ನು ಮೊದಲಿಗೆ ತಿಳಿದುಕೊಳ್ಳಬೇಕು. ಯಕ್ಷಗಾನದ ಕಥಾಭಾಗವನ್ನು ಒಳಗೊಂಡ ಪದ್ಯಕೃತಿಗೆ ‘ಪ್ರಸಂಗ’ವೆಂದು ಹೆಸರು. ಅದರಲ್ಲಿ ಇರುವುದು ಹಾಡಬೇಕಾದ ಪದ್ಯಗಳು ಮಾತ್ರ. ಪಾತ್ರಗಳು ಆಡಬೇಕಾದ ಗದ್ಯವನ್ನು ಕವಿ ಬರೆದಿಟ್ಟಿರುವುದಿಲ್ಲ. ಭಾಗವತರು, ಎಂದರೆ ಹಾಡುಗಾರಿಕೆಯ ಜೊತೆಗೆ ಇಡೀ ಪ್ರದರ್ಶನದ ಸೂತ್ರವನ್ನೂ ಹಿಡಿದಿರುವವರು, ಪದ್ಯವನ್ನು ಹಾಡಿ ನಿಲ್ಲಿಸಿದ ಬಳಿಕ, ಆ ಪದ್ಯದ ಆಶಯವನ್ನು ಪಾತ್ರಧಾರಿ ತನ್ನ ಮಾತಿನಲ್ಲಿ ವಿಸ್ತರಿಸುತ್ತಾನೆ. ಈ ವಿಸ್ತರಣೆಯೇ ‘ಅರ್ಥ’; ಅದನ್ನು ಹೇಳುವ ಕಲೆ ‘ಅರ್ಥಗಾರಿಕೆ’. ವೇಷ ಕಟ್ಟಿ ಕುಣಿಯುವ ರೂಪಕ್ಕೆ ಬಯಲಾಟ ಅಥವಾ ಬರಿದೆ ‘ಆಟ’ವೆಂದೂ, ವೇಷವೂ ಕುಣಿತವೂ ಇಲ್ಲದೆ ಎದುರುಬದುರು ಕುಳಿತು ಅರ್ಥವನ್ನಷ್ಟೇ ಹೇಳುವ ರೂಪಕ್ಕೆ ‘ತಾಳಮದ್ದಳೆ’ಯೆಂದೂ ಹೇಳುವುದು ವಾಡಿಕೆ. ತಾಳಮದ್ದಳೆಯಲ್ಲಿ ಪಾತ್ರ ವಹಿಸುವವನು ‘ಅರ್ಥಧಾರಿ’. ವೇಷಧಾರಿಗಳು ಬಣ್ಣ ಹಚ್ಚಿಕೊಂಡು ವೇಷ ಕಟ್ಟಿಕೊಳ್ಳುವ ತಾಣ ‘ಚೌಕಿ’. ಆಟ ನಡೆಯುವ ಜಾಗ ‘ರಂಗಸ್ಥಳ’. ಈ ಎರಡರ ನಡುವಿನ ದೂರ ಹಲವು ಊರುಗಳಲ್ಲಿ ನಾಲ್ಕಾರು ಹೆಜ್ಜೆಗಳಿಗಿಂತ ಹೆಚ್ಚಿರುವುದಿಲ್ಲ. ಆದರೆ ಆ ನಾಲ್ಕಾರು ಹೆಜ್ಜೆಗಳಲ್ಲಿ ಭಾಷೆಯೇ ಬದಲಾಗಿಬಿಡುತ್ತದೆ.

ಬದಲಾವಣೆ ಎಷ್ಟು ದೊಡ್ಡದೆಂಬುದನ್ನು ಅಳೆಯಲು ಕಲಾವಿದರ ಮನೆಮಾತುಗಳತ್ತ ಒಮ್ಮೆ ನೋಡಿದರೆ ಸಾಕು. ತೆಂಕುತಿಟ್ಟಿನ, ಎಂದರೆ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕಡೆಯ ಶೈಲಿಯ, ಕಲಾವಿದರಲ್ಲಿ ಬಹಳ ಮಂದಿಯ ಮನೆಮಾತು ತುಳು. ಕೆಲವರದು ಹವ್ಯಕ ಕನ್ನಡ, ಕೆಲವರದು ಕೊಂಕಣಿ, ಮಲಯಾಳ, ಮರಾಠಿ. ಉಡುಪಿಯ ಬಡಗು ಭಾಗದಿಂದ ಉತ್ತರ ಕನ್ನಡದವರೆಗೆ ಹಬ್ಬಿರುವ ಬಡಗುತಿಟ್ಟಿನಲ್ಲಿ ಕುಂದಾಪುರದ ಕನ್ನಡವೂ ಹವ್ಯಕ ಕನ್ನಡವೂ ಮುಖ್ಯವಾದವು. ಇಷ್ಟು ಮನೆಗಳಿಂದ ಬಂದವರು ರಂಗಸ್ಥಳದಲ್ಲಿ ಆಡುವುದು ಮಾತ್ರ ಒಂದೇ ಕನ್ನಡ. ಅದು ಗ್ರಾಂಥಿಕವಾದ, ವಿಭಕ್ತಿ ಪ್ರತ್ಯಯಗಳನ್ನು ನುಂಗದ, ಮಹಾಪ್ರಾಣಗಳನ್ನು ಮಹಾಪ್ರಾಣಗಳಾಗಿಯೇ ಉಚ್ಚರಿಸುವ, ಸಮಾಸಗಳಿಗೂ ಸುಭಾಷಿತಗಳಿಗೂ ಸಲೀಸಾಗಿ ಎಡೆಕೊಡುವ ಕನ್ನಡ. ಅದರಲ್ಲಿ ಇಂಗ್ಲಿಷ್ ಪದಕ್ಕೆ ಪ್ರವೇಶವಿಲ್ಲ. ಬಸ್ಸು, ಟೈಮು, ಫೋನು ಎಂದು ದಿನವಿಡೀ ಆಡುವ ವ್ಯಕ್ತಿ ರಾತ್ರಿಯಿಡೀ ಅರ್ಥ ಹೇಳಿಯೂ ಒಂದು ಇಂಗ್ಲಿಷ್ ಪದವನ್ನು ಬಾಯಿತಪ್ಪಿಯೂ ಆಡುವುದಿಲ್ಲ. ಆಡಿದರೆ ಅದು ಹೆಜ್ಜೆ ತಪ್ಪಿದ್ದಕ್ಕಿಂತ ದೊಡ್ಡ ದೋಷವಾಗಿ ಪ್ರೇಕ್ಷಕರ ಕಿವಿಗೆ ಬೀಳುತ್ತದೆ. ಇಂದಿನ ಕನ್ನಡದ ಬೇರೆ ಯಾವ ಸಾರ್ವಜನಿಕ ವೇದಿಕೆಯಲ್ಲಿಯೂ, ಸಾಹಿತ್ಯದ ವೇದಿಕೆಯನ್ನೂ ಸೇರಿಸಿ, ಇಂಥ ಕಟ್ಟುನಿಟ್ಟು ಉಳಿದಿಲ್ಲವೆಂಬುದನ್ನು ಗೌರವದಿಂದ ನೆನೆಯಬೇಕು.

ಒಂದು ಪ್ರಸಂಗವನ್ನು ಹತ್ತಿರದಿಂದ ನೋಡಿದರೆ ಈ ಎರಡು ನುಡಿಗಳ ಕೆಲಸ ಬೇರೆಬೇರೆ ಎಂಬುದು ಸ್ಪಷ್ಟವಾಗುತ್ತದೆ. ‘ಕೃಷ್ಣ ಸಂಧಾನ’ದಲ್ಲಿ ಪಾಂಡವರ ಪರವಾಗಿ ಸಂಧಿಗೆಂದು ಹಸ್ತಿನಾವತಿಗೆ ಬಂದ ಕೃಷ್ಣನು ಅರಮನೆಗೆ ಹೋಗದೆ ವಿದುರನ ಮನೆಯಲ್ಲಿ ಊಟಮಾಡುತ್ತಾನೆ, ಸಭೆಗೆ ಬಂದಾಗ ಕೌರವನು ಎತ್ತುವ ಮೊದಲ ಪ್ರಶ್ನೆಗಳಲ್ಲಿ ಆ ಊಟದ್ದೂ ಒಂದು. ಭೀಷ್ಮರ ಮನೆಯಿತ್ತು, ದ್ರೋಣರ ಮನೆಯಿತ್ತು, ತನ್ನ ಅರಮನೆಯೇ ಇತ್ತು, ಅವೆಲ್ಲವನ್ನೂ ಬಿಟ್ಟು ವಿದುರನ ಮನೆಯ ಅನ್ನವೇ ಏಕೆ ರುಚಿಸಿತು ಎಂದು ಕೌರವ ಕೆಣಕುತ್ತಾನೆ. ಪರರ ಮನೆಯ ಅನ್ನವನ್ನು ಉಣ್ಣುವುದಾದರೆ ಇಕ್ಕುವವರ ಪ್ರೀತಿಗಾಗಿ ಉಣ್ಣಬೇಕು, ಇಲ್ಲವೇ ಆಪತ್ತಿನಲ್ಲಿ ಸಿಲುಕಿ ಉಣ್ಣಬೇಕು; ಕೌರವನಲ್ಲಿ ಪ್ರೀತಿಯಿಲ್ಲ, ತನಗೆ ಆಪತ್ತೂ ಒದಗಿಲ್ಲ ಎಂಬುದು ವ್ಯಾಸಭಾರತದಲ್ಲಿಯೇ ಇರುವ ಉತ್ತರದ ಸಾರ. ಸಮರ್ಥರಾದ ಇಬ್ಬರು ಕಲಾವಿದರು ಸೇರಿದರೆ ಈ ಒಂದು ಊಟದ ಮೇಲೆ ಅರ್ಧ ತಾಸಿನ ಸಂವಾದ ಬೆಳೆಯುತ್ತದೆ: ದೂತನ ಧರ್ಮವೇನು, ಆತಿಥ್ಯವನ್ನು ನಿರಾಕರಿಸಿದವನು ಸಂಧಿಗೆ ಅರ್ಹನೇ, ಕುಲ ದೊಡ್ಡದೋ ಭಕ್ತಿ ದೊಡ್ಡದೋ ಎಂದು ವಿಷಯ ಕವಲೊಡೆಯುತ್ತ ಹೋಗುತ್ತದೆ. ಅದೇ ಇಬ್ಬರು ಸಂಜೆ ಚೌಕಿಯಲ್ಲಿ ಭೇಟಿಯಾದಾಗ ಊಟದ ವಿಚಾರ ಆಗಲೇ ಒಮ್ಮೆ ಬಂದಿರುತ್ತದೆ. ತುಳುವಿನಲ್ಲಾದರೆ ‘ವನಸ್ ಆಂಡಾ?’, ಹವ್ಯಕ ಕನ್ನಡದಲ್ಲಾದರೆ ‘ಊಟ ಆತೋ?’, ಕುಂದಾಪುರದ ಕಡೆಯಲ್ಲಾದರೆ ‘ಊಟ ಆಯ್ತಾ ಮಾರಾಯ್ರೆ?’, ಕೇಳಿದ್ದು ಅಷ್ಟು, ಉತ್ತರ ಅದಕ್ಕಿಂತ ಚಿಕ್ಕದು. ಚೌಕಿಯ ಪ್ರಶ್ನೆ ಎದುರಿಗಿರುವವನ ಹೊಟ್ಟೆಯ ಕುರಿತಾದದ್ದು. ಅದರ ಹಿಂದೆ ಹತ್ತಾರು ವರ್ಷ ಜೊತೆಗೆ ತಿರುಗಾಟ ಮಾಡಿದ ಸಲಿಗೆಯಿದೆ, ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ರಂಗಸ್ಥಳದ ಪ್ರಶ್ನೆ ಊಟದ ನೆಪದಲ್ಲಿ ಒಂದು ರಾಜ್ಯದ ನ್ಯಾಯವನ್ನು ಕುರಿತದ್ದು. ಅದನ್ನು ಸಾವಿರ ಜನ ಕೇಳಿ ತೂಗಿ ನೋಡಬೇಕು. ಇವೆರಡರಲ್ಲಿ ಯಾವುದು ನಿಜವಾದ ಮಾತು ಎಂದು ಕೇಳುವುದೇ ತಪ್ಪು. ಎರಡೂ ನಿಜ, ಒಂದೊಂದೂ ಉತ್ತರ ಕೊಡಬೇಕಾಗಿರುವುದು ಬೇರೆಬೇರೆಯವರಿಗೆ.

ಭಾರತೀಯ ನಾಟ್ಯಚಿಂತನೆ ಈ ಭೇದವನ್ನು ಬಹಳ ಹಿಂದೆಯೇ ಗುರುತಿಸಿ, ಅದಕ್ಕೆ ‘ಲೋಕಧರ್ಮಿ’ ಮತ್ತು ‘ನಾಟ್ಯಧರ್ಮಿ’ ಎಂಬ ಹೆಸರುಗಳನ್ನು ಕೊಟ್ಟಿದೆ. ಲೋಕದಲ್ಲಿ ಜನ ಹೇಗೆ ನಡೆಯುತ್ತಾರೋ ನುಡಿಯುತ್ತಾರೋ ಹಾಗೆಯೇ ತೋರಿಸುವುದು ಲೋಕಧರ್ಮಿ. ರಂಗದ ಒಪ್ಪಂದಕ್ಕೆ ತಕ್ಕಂತೆ ಅದನ್ನು ಬೇರೆಯಾಗಿಸಿ ತೋರಿಸುವುದು ನಾಟ್ಯಧರ್ಮಿ. ಭರತನ ನಾಟ್ಯಶಾಸ್ತ್ರವು ಹತ್ತಿರ ನಿಂತವನು ಆಡಿದ್ದನ್ನು ಪಕ್ಕದವನು ಕೇಳದಂತಿರುವುದನ್ನು, ಆಡದೆ ಇದ್ದದ್ದನ್ನು ಕೇಳಿದಂತಿರುವುದನ್ನು ನಾಟ್ಯಧರ್ಮಿಗೆ ಉದಾಹರಣೆಯಾಗಿ ಕೊಡುತ್ತದೆ. ಪಾತ್ರಗಳಿಗೆ ಭಾಷೆಯನ್ನು ಹಂಚುವ ಕ್ರಮವನ್ನೂ ಅದು ಹೇಳುತ್ತದೆ; ರಾಜನಿಗೆ ಸಂಸ್ಕೃತ, ಹೆಚ್ಚಿನ ಸ್ತ್ರೀಪಾತ್ರಗಳಿಗೆ ಪ್ರಾಕೃತ, ಬ್ರಾಹ್ಮಣನಾದರೂ ವಿದೂಷಕನಿಗೆ ಪ್ರಾಕೃತವೇ. ಇಲ್ಲಿ ಗಮನಿಸಬೇಕಾದದ್ದು ಒಂದೇ: ಆ ಭಾಷೆಗಳನ್ನು ಹಂಚಿರುವುದು ಪಾತ್ರಕ್ಕೆ, ನಟನಿಗಲ್ಲ. ನಟನ ಮನೆಮಾತು ಯಾವುದೆಂದು ಶಾಸ್ತ್ರ ಕೇಳುವುದಿಲ್ಲ. ಯಕ್ಷಗಾನದಲ್ಲಿ ಹಾಸ್ಯಗಾರನಿಗೆ ಇರುವ ಸ್ವಾತಂತ್ರ್ಯ ಇದೇ ಪರಂಪರೆಯ ಮುಂದುವರಿಕೆಯಂತೆ ಕಾಣುತ್ತದೆ. ದೂತನಾಗಿಯೋ ಬ್ರಾಹ್ಮಣನಾಗಿಯೋ ಬರುವ ಹಾಸ್ಯಗಾರ ಊರಿನ ಆಡುಮಾತನ್ನು ರಂಗಕ್ಕೆ ತರಬಲ್ಲ. ಪಕ್ಕದಲ್ಲಿ ನಿಂತ ದೇವೇಂದ್ರನು ತರಲಾರ.

ಆದರೆ ಶಾಸ್ತ್ರದ ವಿವರಣೆ ಇಷ್ಟಕ್ಕೆ ನಿಂತರೆ ಕಲಾವಿದನ ಶ್ರಮ ಮರೆಯಾಗುತ್ತದೆ. ಹಿಂದಿನ ತಲೆಮಾರಿನ ವೃತ್ತಿ ಕಲಾವಿದರಲ್ಲಿ ಅನೇಕರಿಗೆ ಶಾಲೆಯ ಓದು ಪ್ರಾಥಮಿಕ ಹಂತವನ್ನು ದಾಟಿರಲಿಲ್ಲ. ಮನೆಯಲ್ಲಿ ತುಳು, ಕೆಲಸದ ಗದ್ದೆಯಲ್ಲಿ ತುಳು, ಸಂತೆಯಲ್ಲಿ ತುಳು. ಹೀಗಿದ್ದ ಹುಡುಗ ಮೇಳವನ್ನು, ಎಂದರೆ ಯಕ್ಷಗಾನದ ತಂಡವನ್ನು, ಸೇರಿ, ಬಾಲಗೋಪಾಲ, ಕೋಡಂಗಿಗಳಂಥ ಪೂರ್ವರಂಗದ ವೇಷಗಳಿಂದ ಆರಂಭಿಸಿ, ರಾತ್ರಿ ಕಳೆದಂತೆ ತನ್ನ ವೇಷ ಮುಗಿದರೂ ನಿದ್ದೆ ಮಾಡದೆ ಹಿರಿಯರ ಅರ್ಥವನ್ನು ಕೇಳುತ್ತ ಕುಳಿತು, ಒಂದು ಊರಿನಿಂದ ಇನ್ನೊಂದು ಊರಿಗೆ ನಡೆದುಹೋಗುವ ದಾರಿಯಲ್ಲಿ ಕೇಳಿದ್ದನ್ನು ಮೆಲುಕು ಹಾಕುತ್ತ, ಕಿವಿಯ ಮೂಲಕವೇ ಒಂದು ಇಡೀ ಭಾಷೆಯನ್ನು ಗಳಿಸಿಕೊಳ್ಳುತ್ತಿದ್ದ. ಈ ಗಳಿಕೆಗೆ ಪಠ್ಯಪುಸ್ತಕವಿರಲಿಲ್ಲ, ಪರೀಕ್ಷೆಯಿರಲಿಲ್ಲ. ತಪ್ಪಿದರೆ ಎದುರು ಪಾತ್ರಧಾರಿ ರಂಗದಲ್ಲೇ ಹಿಡಿದು ನಿಲ್ಲಿಸುತ್ತಿದ್ದ, ಅಷ್ಟೇ. ಹೀಗೆ ಕಲಿತ ನುಡಿಯನ್ನು, ಅವನು ಚೌಕಿಗೆ ಮರಳಿ ಊರಭಾಷೆಯಲ್ಲಿ ನಕ್ಕು ಮಾತನಾಡಿದ ಮಾತ್ರಕ್ಕೆ, ಎರವಲು ಅಂಗಿಯೆಂದು ಕರೆಯುವವರು ಆ ವರ್ಷಗಳ ನಿದ್ದೆಗೆಟ್ಟ ಕಣ್ಣುಗಳಿಗೆ ಅನ್ಯಾಯ ಮಾಡುತ್ತಾರೆ. ಕಷ್ಟಪಟ್ಟು ಸಂಪಾದಿಸಿದ್ದು ಹುಟ್ಟಿನಿಂದ ಬಂದದ್ದಕ್ಕಿಂತ ಕಡಿಮೆ ಸ್ವಂತವೆಂದು ಹೇಳಲು ಯಾವ ಆಧಾರವೂ ಇಲ್ಲ.

ಇನ್ನೊಂದು ತಪ್ಪುಗ್ರಹಿಕೆ ಇದಕ್ಕೆ ವಿರುದ್ಧ ದಿಕ್ಕಿನದು. ರಂಗದ ನುಡಿ ಶುದ್ಧ, ಪ್ರಾಚೀನ, ಶ್ರೇಷ್ಠ; ಮನೆಯ ನುಡಿ ಅದರ ಕೆಟ್ಟ ರೂಪ ಎಂದು ನಂಬುವವರಿದ್ದಾರೆ, ಕಲಾವಿದರಲ್ಲಿಯೂ ಇದ್ದಾರೆ. ಭಾಷೆಯ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಹವ್ಯಕ ಕಲಾವಿದನು ರಂಗದಲ್ಲಿ ‘ನಾನು’ ಎನ್ನುತ್ತಾನೆ, ಮನೆಯಲ್ಲಿ ‘ಆನು’ ಎನ್ನುತ್ತಾನೆ. ರಂಗದಲ್ಲಿ ‘ಹೋಗುವುದು, ಬರುವುದು’, ಮನೆಯಲ್ಲಿ ‘ಹೋಪದು, ಬಪ್ಪದು’. ಈ ಜೋಡಿಗಳಲ್ಲಿ ಹಳಗನ್ನಡದ ‘ಆಂ’, ‘ಪೋಪ’, ‘ಬರ್ಪ’ ಎಂಬ ರೂಪಗಳ ನೇರ ವಂಶಕ್ಕೆ ಸೇರಿದವು ಮನೆಯ ರೂಪಗಳು, ರಂಗದವಲ್ಲ. ತ್ರೇತಾಯುಗದ ರಾಮನ ಬಾಯಲ್ಲಿ ಹೊಸಗನ್ನಡವೂ ಅಡುಗೆಮನೆಯ ಅಜ್ಜಿಯ ಬಾಯಲ್ಲಿ ಹಳಗನ್ನಡದ ಕುಡಿಯೂ ಕೇಳಿಸುವ ಈ ಸ್ಥಿತಿಯಿಂದ ಒಂದು ಸಂಗತಿ ಖಚಿತವಾಗುತ್ತದೆ: ರಂಗದ ನುಡಿಗೆ ಗೌರವ ಬಂದಿರುವುದು ಅದು ಹಳೆಯದೆಂಬ ಕಾರಣಕ್ಕಲ್ಲ, ಅದು ಯಾರೊಬ್ಬರ ಮನೆಯದೂ ಅಲ್ಲದೆ ಎಲ್ಲರಿಗೂ ಸೇರಿದ್ದೆಂಬ ಕಾರಣಕ್ಕೆ. ಹವ್ಯಕರ ರಾವಣನೂ ತುಳುವರ ರಾಮನೂ ಕೊಂಕಣಿಗರ ಹನುಮಂತನೂ ಒಂದೇ ರಂಗದಲ್ಲಿ ವಾದಕ್ಕೆ ನಿಲ್ಲಬೇಕಾದರೆ, ಯಾರಿಗೂ ತವರಿನ ಅನುಕೂಲವಿಲ್ಲದ ಒಂದು ನುಡಿ ಬೇಕಾಗುತ್ತದೆ.

ಆಧುನಿಕ ಭಾಷಾವಿಜ್ಞಾನವೂ ಬೇರೆ ದಾರಿಯಿಂದ ಇದೇ ಕಡೆಗೆ ಬಂದಿದೆ. ಅಮೆರಿಕದ ಚಾರ್ಲ್ಸ್ ಫರ್ಗ್ಯೂಸನ್ 1959ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಒಂದೇ ಸಮಾಜ ಸಭೆ, ಪ್ರಾರ್ಥನೆ, ಬರವಣಿಗೆಗಳಿಗೆ ಒಂದು ನುಡಿರೂಪವನ್ನೂ ಮನೆ, ಬೀದಿಗಳಿಗೆ ಇನ್ನೊಂದು ರೂಪವನ್ನೂ ಬಳಸುವ ಸ್ಥಿತಿಯನ್ನು ‘ಡೈಗ್ಲಾಸಿಯಾ’ ಎಂದು ಕರೆದು, ಅರಬ್ಬಿ, ಗ್ರೀಕ್, ಸ್ವಿಟ್ಜರ್ಲೆಂಡಿನ ಜರ್ಮನ್, ಹೈಟಿಯ ಕ್ರಿಯೋಲ್‌ಗಳ ಉದಾಹರಣೆ ಕೊಟ್ಟನು. ಕನ್ನಡದಲ್ಲಿ ಇದನ್ನು ದ್ವಿಸ್ತರ ಭಾಷಿಕತೆ ಎನ್ನಬಹುದು. ಆದರೆ ಯಕ್ಷಗಾನದ ಪ್ರಶ್ನೆಗೆ ಹೆಚ್ಚು ಬೆಳಕು ಚೆಲ್ಲುವುದು ನ್ಯೂಜಿಲೆಂಡಿನ ಆಲನ್ ಬೆಲ್ ಎಂಬ ವಿದ್ವಾಂಸನ ಅಧ್ಯಯನ. ಒಂದೇ ಕಟ್ಟಡದಿಂದ ಎರಡು ರೇಡಿಯೋ ಕೇಂದ್ರಗಳಿಗೆ ವಾರ್ತೆ ಓದುತ್ತಿದ್ದ ಅದೇ ವಾಚಕರು, ಒಂದು ಕೇಂದ್ರದಲ್ಲಿ ಸ್ವರಗಳ ನಡುವಿನ ‘ಟ’ಕಾರವನ್ನು ಸ್ಪಷ್ಟವಾಗಿಯೂ ಇನ್ನೊಂದರಲ್ಲಿ ಸಡಿಲವಾಗಿಯೂ ಉಚ್ಚರಿಸುತ್ತಿದ್ದುದನ್ನು ಅವನು ಗುರುತಿಸಿದನು. ಓದುವವರು ಅವರೇ, ಕೋಣೆ ಅದೇ, ಸುದ್ದಿಯೂ ಹೆಚ್ಚುಕಡಿಮೆ ಅದೇ. ಬದಲಾಗುತ್ತಿದ್ದದ್ದು ಕೇಳುಗರ ವರ್ಗ. ಮಾತಿನ ಶೈಲಿಯನ್ನು ನಿರ್ಧರಿಸುವವನು ಮುಖ್ಯವಾಗಿ ಕೇಳುಗನೇ ಎಂದು 1984ರಲ್ಲಿ ಅವನು ವಾದಿಸಿದನು.

ಕೇಳುಗನೇ ಮಾತನ್ನು ರೂಪಿಸುವುದಾದರೆ, ರಂಗಸ್ಥಳದಲ್ಲಿ ಅರ್ಥ ಹೇಳುವವನ ಕೇಳುಗರು ಯಾರು ಎಂದು ಎಣಿಸಿ ನೋಡಬೇಕು. ಎದುರು ಪಾತ್ರವಿದೆ, ಅದರೊಂದಿಗೆ ಸಂವಾದ. ಆ ಪಾತ್ರವನ್ನು ವಹಿಸಿದ ಸಹಕಲಾವಿದನಿದ್ದಾನೆ. ಅವನಿಗೆ ಮುಂದಿನ ಮಾತಿಗೆ ಎಡೆ ಬಿಟ್ಟುಕೊಡಬೇಕು. ಹಿಂದೆ ಭಾಗವತರಿದ್ದಾರೆ, ಅರ್ಥ ಮುಗಿಯುವ ಹೊತ್ತಿಗೆ ಮುಂದಿನ ಪದ್ಯದ ಆರಂಭಕ್ಕೆ ಸರಿಯಾಗುವಂತೆ ಮಾತನ್ನು ತಂದು ನಿಲ್ಲಿಸಿ ಅವರಿಗೆ ‘ಎತ್ತುಗಡೆ’ ಕೊಡಬೇಕು, ಮಾತು ಹದ ಮೀರಿತೆಂದು ಕಂಡರೆ ಅವರು ಪದ್ಯವನ್ನೇ ಎತ್ತಿ ಅದನ್ನು ನಿಲ್ಲಿಸಬಲ್ಲರು. ಮುಂದೆ ಪ್ರೇಕ್ಷಕರಿದ್ದಾರೆ, ಅವರಲ್ಲಿ ಕಥೆಯನ್ನು ಮೊದಲ ಬಾರಿ ಕೇಳುವ ಮಗುವೂ ಇದೆ, ನೂರನೆಯ ಬಾರಿ ಕೇಳುತ್ತ ತಪ್ಪಿಗಾಗಿ ಕಾದಿರುವ ಹಿರಿಯರೂ ಇದ್ದಾರೆ. ಹರಕೆಯ ಆಟವಾದರೆ, ಎಂದರೆ ಭಕ್ತರು ದೇವರಿಗೆ ಸೇವೆಯಾಗಿ ಆಡಿಸುವ ಆಟವಾದರೆ, ಎಲ್ಲಕ್ಕಿಂತ ಮೇಲೆ ಆ ದೇವರಿದ್ದಾರೆ. ಕಟೀಲು, ಧರ್ಮಸ್ಥಳ, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳಲ್ಲಿ ಚೌಕಿಯಲ್ಲಿ ಪೂಜೆಯಾದ ಮೇಲೆಯೇ ಆಟಕ್ಕೆ ತೊಡಗುವುದು. ಇಷ್ಟು ಮಂದಿಗೆ ಏಕಕಾಲಕ್ಕೆ ಸಲ್ಲಬೇಕಾದ ಮಾತು, ಒಬ್ಬ ತಮ್ಮನಿಗೋ ಹೆಂಡತಿಗೋ ಆಡಿದ ಮಾತಿನಂತೆ ಇರಲು ಸಾಧ್ಯವಿಲ್ಲ.

ಕೆನಡಾ ಮೂಲದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1956ರಲ್ಲಿ ಹೊರತಂದ ಪ್ರಸಿದ್ಧ ಗ್ರಂಥದಲ್ಲಿ ಮನುಷ್ಯರ ದಿನನಿತ್ಯದ ನಡವಳಿಕೆಯನ್ನೇ ರಂಗಕ್ಕೆ ಹೋಲಿಸಿ, ಅದಕ್ಕೆ ಮುನ್ನೆಲೆ ಮತ್ತು ಹಿನ್ನೆಲೆಗಳೆಂಬ ಎರಡು ನೆಲೆಗಳನ್ನು ಕಲ್ಪಿಸಿದನು. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪದ ಹೋಟೆಲೊಂದರಲ್ಲಿ ಊಟದ ಕೋಣೆಯಲ್ಲಿ ಒಂದು ರೀತಿ, ಅಡುಗೆಮನೆಯಲ್ಲಿ ಇನ್ನೊಂದು ರೀತಿ ವರ್ತಿಸುವ ಕೆಲಸಗಾರರು ಅವನ ಉದಾಹರಣೆಗಳಲ್ಲಿ ಮುಖ್ಯರು. ಈ ಸಿದ್ಧಾಂತ ಉಪಯುಕ್ತವೇ ಆದರೂ ಚೌಕಿಗೆ ಪೂರ್ತಿಯಾಗಿ ಒಗ್ಗುವುದಿಲ್ಲ. ಗಾಫ್‌ಮನ್ನನ ಹಿನ್ನೆಲೆ ಗ್ರಾಹಕರಿಗೆ ಮುಚ್ಚಿದ ಜಾಗ. ಅಲ್ಲಿ ವೇಷ ಕಳಚುತ್ತದೆ. ಚೌಕಿಯಲ್ಲಿ ವೇಷ ಕಳಚುವುದಕ್ಕಿಂತ ಕಟ್ಟುವುದೇ ಹೆಚ್ಚು ಹೊತ್ತಿನ ಕೆಲಸ, ಮತ್ತು ಅದು ಮುಚ್ಚಿದ ಜಾಗವಲ್ಲ. ಊರ ಮಕ್ಕಳು ಬಂದು ಇಣುಕುತ್ತಾರೆ, ಹಿರಿಯರು ಬಂದು ಕುಶಲ ವಿಚಾರಿಸುತ್ತಾರೆ, ಮೂಲೆಯಲ್ಲಿ ದೇವರ ಮುಂದೆ ದೀಪ ಉರಿಯುತ್ತಿರುತ್ತದೆ. ಬಣ್ಣದ ವೇಷದವನು, ಎಂದರೆ ರಾಕ್ಷಸ ಪಾತ್ರ ವಹಿಸುವವನು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನು ಮುಖಕ್ಕೆ ಚುಕ್ಕೆಚುಕ್ಕೆಯಾಗಿ ಇಟ್ಟುಕೊಳ್ಳುತ್ತ ತಾಸುಗಟ್ಟಲೆ ಕುಳಿತಿರುವಾಗ, ಕೆನ್ನೆ ಅಲುಗಿದರೆ ಚುಟ್ಟಿ ಬಿರಿಯುತ್ತದೆಯಾದ್ದರಿಂದ, ಅವನ ಮಾತು ತಾನಾಗಿಯೇ ಕಡಿಮೆಯಾಗುತ್ತ ಹೋಗುತ್ತದೆ. ಪಕ್ಕದಲ್ಲಿ ಸ್ತ್ರೀವೇಷದ ಕಲಾವಿದ ಸೀರೆಯ ನೆರಿಗೆ ಸರಿಪಡಿಸುತ್ತ ತನ್ನ ಗಂಡುದನಿಯಲ್ಲೇ ನಾಳಿನ ಊರಿನ ದಾರಿ ವಿಚಾರಿಸುತ್ತಿರುತ್ತಾನೆ. ಗೆಜ್ಜೆ ಕಟ್ಟಿ, ರಂಗಸ್ಥಳಕ್ಕೆ ಕಾಲಿಟ್ಟ ಮೇಲೆ ಬರುವುದು ದ್ರೌಪದಿಯ ದನಿ. ಇಲ್ಲಿ ಮಾತು ಹಂತಹಂತವಾಗಿ ಏರುತ್ತದೆ. ಚೌಕಿಯೆಂಬುದು ಮನೆಗೂ ರಂಗಕ್ಕೂ ನಡುವಿನ ಹೊಸ್ತಿಲು.

ಇಲ್ಲಿಯವರೆಗೆ ನುಡಿಯ ರೂಪವನ್ನು ಕುರಿತು ಹೇಳಿದ್ದಾಯಿತು. ನುಡಿದ ಅಭಿಪ್ರಾಯದ ಪ್ರಶ್ನೆ ಇನ್ನೂ ಕಠಿಣವಾದದ್ದು, ಮತ್ತು ಅದಕ್ಕೆ ತಾಳಮದ್ದಳೆಯೇ ತಕ್ಕ ಭೂಮಿಕೆ. ಮೇ ತಿಂಗಳ ಕೊನೆಯ ವಾರದ ಆಸುಪಾಸಿನಲ್ಲಿ ಬರುವ, ತುಳುನಾಡಿನವರು ಪತ್ತನಾಜೆಯೆಂದು ಕರೆಯುವ ದಿನದ ಹೊತ್ತಿಗೆ ಮೇಳಗಳ ತಿರುಗಾಟ ಮುಗಿದು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದುದ್ದಕ್ಕೂ ದೇವಸ್ಥಾನಗಳ ಪೌಳಿಗಳಲ್ಲಿ, ಮನೆಗಳ ಚಾವಡಿಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ಪಂಚೆ, ಶಾಲು ಹೊದ್ದು, ತನ್ನ ಮುಖವನ್ನೇ ಹೊತ್ತು ಕುಳಿತ ಅರ್ಥಧಾರಿಗೆ ವೇಷದ ಮರೆಯೂ ಇಲ್ಲ. ‘ವಾಲಿವಧೆ’ಯಲ್ಲಿ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಕ್ಷಾತ್ರ, ತನಗೂ ನಿನಗೂ ಇದ್ದ ವೈರವೇನು, ಕೋತಿಯೆಂದು ಬೇಟೆಯಾಡಿದೆಯಾದರೆ ಕೋತಿಗೆ ಧರ್ಮದ ಪಾಠವೇಕೆ. ಆ ಮಾತನ್ನು ಆಡುವವನು ಬೆಳಗ್ಗೆ ಎದ್ದು ರಾಮನಾಮ ಹೇಳದೆ ನೀರು ಕುಡಿಯದ ಭಕ್ತನೇ ಆಗಿರಬಹುದು. ಆದರೂ ಅವನು ವಾಲಿಯ ವಾದವನ್ನು ತನ್ನ ಬುದ್ಧಿಯ ಕೊನೆಯ ಹನಿಯವರೆಗೂ ಹಿಂಡಿ ಮಂಡಿಸಬೇಕು. ಅರೆಮನಸ್ಸಿನಿಂದ ಮಂಡಿಸಿದರೆ ರಾಮನ ಉತ್ತರಕ್ಕೂ ಬಲ ಬರುವುದಿಲ್ಲ. ಮರುವಾರ ಇನ್ನೊಂದು ಊರಿನಲ್ಲಿ ಪಾತ್ರಗಳು ಅದಲುಬದಲಾಗಿ ಅವನೇ ರಾಮನಾಗುವುದೂ ಉಂಟು.

ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ರಾವಣನನ್ನೂ ವಾಲಿಯನ್ನೂ ಕೇಳಿದ ತಲೆಮಾರು ಇನ್ನೂ ಅವನ್ನು ನೆನೆಯುವುದು ಈ ಕಾರಣಕ್ಕೆ. ಅವರು ಪ್ರತಿನಾಯಕರಿಗೆ ತಮ್ಮ ವಿದ್ವತ್ತನ್ನು ಪೂರ್ತಿಯಾಗಿ ಕೊಟ್ಟರು. ಅದರಿಂದ ರಾವಣ ದೊಡ್ಡವನಾದ, ಕಥೆಯೂ ಆಳವಾಯಿತು. ಅವರೇ ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ಯಲ್ಲಿ ಬಪ್ಪ ಬ್ಯಾರಿಯೆಂಬ ಮುಸ್ಲಿಂ ವ್ಯಾಪಾರಿಯ ಪಾತ್ರ ವಹಿಸಿ, ಗ್ರಾಂಥಿಕ ಕನ್ನಡವನ್ನು ಬದಿಗಿಟ್ಟು ಆ ಪಾತ್ರಕ್ಕೆ ಒಪ್ಪುವ ಮಾತಿನ ಧಾಟಿಯಿಂದ ಜನಮನ ಗೆದ್ದರೆಂಬುದೂ ಯಕ್ಷಗಾನದ ಚರಿತ್ರೆಯಲ್ಲಿ ಪ್ರಸಿದ್ಧವಾದದ್ದು. ಮಲ್ಪೆ ಶಂಕರನಾರಾಯಣ ಸಾಮಗರು, ರಾಮದಾಸ ಸಾಮಗರು, ಪ್ರಾಸಬದ್ಧ ಮಾತುಗಾರಿಕೆಗೆ ಹೆಸರಾಗಿ ಮುಂದೆ 1994ರಲ್ಲಿ ಸುರತ್ಕಲ್‌ನಿಂದ ವಿಧಾನಸಭೆಗೂ ಆಯ್ಕೆಯಾದ ಕುಂಬಳೆ ಸುಂದರ ರಾವ್, ಇವರೆಲ್ಲರ ಅರ್ಥಗಾರಿಕೆಗೂ ಒಬ್ಬೊಬ್ಬರದೇ ಮುದ್ರೆಯಿತ್ತು. ಆದ್ದರಿಂದ ರಂಗದ ಮಾತಿನಲ್ಲಿ ಕಲಾವಿದನ ವ್ಯಕ್ತಿತ್ವವೇ ಇರುವುದಿಲ್ಲವೆಂದು ಹೇಳಬಾರದು; ಅವನ ಓದು, ಪ್ರತಿಭೆ, ಸ್ವಭಾವಗಳೆಲ್ಲ ಅಲ್ಲಿರುತ್ತವೆ. ಇರದೆ ಇರುವುದು ಅವನ ತೀರ್ಪು. ತೀರ್ಪು ಕೊಡುವ ಹಕ್ಕನ್ನು ಅವನು ಪದ್ಯಕ್ಕೂ ಪಾತ್ರಕ್ಕೂ ಒಪ್ಪಿಸಿ ಕುಳಿತಿರುತ್ತಾನೆ. ಈ ಒಪ್ಪಿಸುವಿಕೆಯನ್ನು ಬಲ್ಲ ಸಭೆಯ ಮುಂದೆ ತಾಳಮದ್ದಳೆ ಮುಗಿದ ಬಳಿಕ, ಒಬ್ಬರನ್ನೊಬ್ಬರು ಮಾತಿನಲ್ಲಿ ಇರಿದ ಕರ್ಣ ಕೃಷ್ಣರು ಒಂದೇ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತು ಸಾರಿಗೆ ಉಪ್ಪು ಕಡಿಮೆಯೆಂದು ಮಾತಾಡಿಕೊಳ್ಳುವುದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಪಾತ್ರದ ಮರೆಯಲ್ಲಿ ಸ್ವಂತದ ಸಿಟ್ಟು ತೀರಿಸಿಕೊಳ್ಳುವ ಚಾಳಿಯೂ ಅಲ್ಲಲ್ಲಿ ಕಂಡುಬಂದಿದೆ. ಅದನ್ನು ಪರಂಪರೆ ದೋಷವೆಂದೇ ಎಣಿಸಿದೆ, ಎರಡು ನುಡಿಗಳ ನಡುವಿನ ಗೋಡೆಯನ್ನು ಅದು ಒಡೆಯುತ್ತದೆಯೆಂಬ ಕಾರಣಕ್ಕೆ.

ಇಂದು ಆ ಗೋಡೆಗೆ ಬೇರೊಂದು ಕಡೆಯಿಂದ ಪೆಟ್ಟು ಬೀಳುತ್ತಿದೆ. ಮೊಬೈಲಿನಲ್ಲಿ ಚಿತ್ರಿಸಿದ ಅರ್ಧ ನಿಮಿಷದ ತುಣುಕಿನಲ್ಲಿ ಪೀಠಿಕೆ, ಎಂದರೆ ಪಾತ್ರವು ಪ್ರವೇಶದಲ್ಲಿ ತನ್ನ ನಿಲುವನ್ನು ಹೇಳಿಕೊಳ್ಳುವ ಭಾಗ, ಇರುವುದಿಲ್ಲ. ಎದುರು ಪಾತ್ರದ ಉತ್ತರವೂ ಇರುವುದಿಲ್ಲ. ಕೌರವನ ಮಾತು ಕಲಾವಿದನ ಹೇಳಿಕೆಯಾಗಿ ಊರೂರು ಸುತ್ತುತ್ತದೆ. ಕಲಾವಿದನು ಇದಕ್ಕೆ ಹೆದರಿ ಪ್ರತಿನಾಯಕನ ವಾದವನ್ನು ಮೊಂಡು ಮಾಡಿದರೆ ನಷ್ಟವಾಗುವುದು ಕಲೆಗೆ ಮಾತ್ರವಲ್ಲ, ಎರಡೂ ಕಡೆಯ ವಾದವನ್ನು ರಾತ್ರಿಯಿಡೀ ತಾಳ್ಮೆಯಿಂದ ಕೇಳುವ ಅಭ್ಯಾಸವನ್ನು ತಲೆಮಾರುಗಳಿಂದ ಬೆಳೆಸಿಕೊಂಡ ಒಂದು ಸಮಾಜಕ್ಕೂ. ಈ ವಿಷಯದಲ್ಲಿ ಕಲಾವಿದರ ಪರವಾಗಿ ನಿಲ್ಲುವುದು ಪ್ರೇಕ್ಷಕರ ಕರ್ತವ್ಯವೆಂದು ಒತ್ತಿ ಹೇಳಬೇಕಾಗಿದೆ.

ಮನೆಮಾತನ್ನೇ ರಂಗಕ್ಕೆ ತಂದರೆ ಅಂತರ ಅಳಿಯುವುದೇ ಎಂಬ ಪ್ರಶ್ನೆಗೆ ಯಕ್ಷಗಾನದ ಚರಿತ್ರೆಯೇ ಉತ್ತರ ಕೊಟ್ಟಿದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬಾಯಾರಿನ ಸಂಕಯ್ಯ ಭಾಗವತರು ಪಂಚವಟಿಯ ಕಥೆಯನ್ನು ತುಳು ಪ್ರಸಂಗವಾಗಿ ರಚಿಸಿದರು. 20ನೆಯ ಶತಮಾನದಲ್ಲಿ ಕೋಟಿ ಚೆನ್ನಯರಂಥ ವೀರರ ಕಥೆಗಳ ತುಳು ಆಟಗಳು ಡೇರೆ ಮೇಳಗಳಲ್ಲಿ, ಎಂದರೆ ಡೇರೆ ಹಾಕಿ ಟಿಕೆಟ್ಟಿಟ್ಟು ಆಡುವ ತಂಡಗಳಲ್ಲಿ, ಜನಪ್ರಿಯವಾದವು. ಆ ಆಟಗಳ ತುಳು ಕಲಾವಿದನ ಅಂಗಳದ ತುಳುವಾಗಿ ಉಳಿಯಲಿಲ್ಲ. ಪಾಡ್ದನಗಳ, ಎಂದರೆ ತುಳುನಾಡಿನ ಕಥನಗೀತಗಳ, ಹಳೆಯ ನುಡಿಗಟ್ಟುಗಳು ಬಂದು ಸೇರಿ, ವಾಕ್ಯ ನೀಳವಾಗಿ, ಲಯ ತೂಗಿ, ಅದೂ ರಂಗದ ತುಳುವಾಯಿತು. ಶಿವರಾಮ ಕಾರಂತರು ಇನ್ನೊಂದು ತುದಿಗೆ ಹೋದರು. ‘ಯಕ್ಷಗಾನ ಬಯಲಾಟ’ವೆಂಬ ಗ್ರಂಥದ ಮೂಲಕ ಈ ಕಲೆಯ ಶಾಸ್ತ್ರೀಯ ಅಧ್ಯಯನಕ್ಕೆ ತಳಪಾಯ ಹಾಕಿದ ಅವರೇ, ಕನ್ನಡ ತಿಳಿಯದವರಿಗೂ ಅದು ತಲುಪಬೇಕೆಂದು ತಮ್ಮ ಪ್ರಯೋಗಗಳಲ್ಲಿ ಅರ್ಥವನ್ನೇ ಕೈಬಿಟ್ಟು ಹಾಡು, ಕುಣಿತಗಳನ್ನು ಉಳಿಸಿಕೊಂಡರು. ಆ ಪ್ರಯೋಗಗಳು ಸುಂದರವಾಗಿದ್ದವು. ಆದರೆ ಮಾತಿಲ್ಲದ ಯಕ್ಷಗಾನದಲ್ಲಿ ಕರಾವಳಿಯ ಹಳ್ಳಿಗ ತನ್ನ ಆಟವನ್ನು ಪೂರ್ತಿಯಾಗಿ ಗುರುತಿಸಲಿಲ್ಲ. ಅವನು ಗದ್ದೆಯಲ್ಲಿ ರಾತ್ರಿ ಕಳೆಯುತ್ತಿದ್ದದ್ದು ಕುಣಿತಕ್ಕೆಷ್ಟೋ ಮಾತಿಗೂ ಅಷ್ಟೇ.

ಆ ಗದ್ದೆಯಲ್ಲಿಯೇ ಈ ಎರಡು ನುಡಿಗಳ ಇನ್ನೊಂದು ಸಂಬಂಧವೂ ಕಾಣುತ್ತದೆ. ಕೊಯ್ಲು ಮುಗಿದ ಗದ್ದೆಯ ಕೂಳೆಯ ಮೇಲೆ ಚಾಪೆ ಹಾಸಿ, ತುಳುವೋ ಕೊಂಕಣಿಯೋ ಬಿಟ್ಟರೆ ಬೇರೆ ಭಾಷೆ ತಿಳಿಯದ ಮಗುವನ್ನು ಅಜ್ಜಿ ಮಡಿಲಲ್ಲಿ ಮಲಗಿಸಿಕೊಂಡು ಆಟ ನೋಡುತ್ತಿದ್ದಳು. ಚೆಂಡೆಯ ಪೆಟ್ಟಿಗೆ ಎಚ್ಚರವಾಗುತ್ತ, ಮಾತು ತೊಡಗಿದಾಗ ಮತ್ತೆ ಕಣ್ಣು ಮುಚ್ಚುತ್ತ, ನಡುನಡುವೆ ಅಜ್ಜಿಯನ್ನು ‘ಅವನು ಏನು ಹೇಳಿದ’ ಎಂದು ಮನೆಮಾತಿನಲ್ಲಿ ಕೇಳುತ್ತ ಆ ಮಗು ಬೆಳೆಯಿತು. ಶಾಲೆಯ ಒಂದನೆಯ ತರಗತಿಗೆ ಹೋಗುವ ಮೊದಲೇ ಅದರ ಕಿವಿಗೆ ಬಿದ್ದ ಕನ್ನಡ, ಸಂತೆಯ ಕನ್ನಡವೂ ಅಲ್ಲ, ಪುಸ್ತಕದ ಕನ್ನಡವೂ ಅಲ್ಲ. ಬಣ್ಣ ಹಚ್ಚಿದ ಯಾರೋ ಒಬ್ಬ ತುಳುವ ಕೌರವನಾಗಿ ನಿಂತು ಕೃಷ್ಣನನ್ನು ಕೇಳಿದ ಕನ್ನಡ.